ಲ್ಯಾಪ್‌ಟಾಪ್ ಒಳಗೇ ಮಂಗಳದಷ್ಟು ದೂರ: ಎಲ್‌ಟಿಪಿ ಓಡಿಸಿದ ನನ್ನ ಅನುಭವ

ಮಂಗಳದ ಜೊತೆ ಫೈಲ್ ಕಳಿಸಿ ನೋಡೋದಕ್ಕೆ ದೊಡ್ಡ ಡಿಶ್ ಬೇಕಿಲ್ಲ, ಒಂದು ಲಿನಕ್ಸ್ ಲ್ಯಾಪ್‌ಟಾಪ್ ಸಾಕು. ದೂರದ ಬಾಹ್ಯಾಕಾಶ ಲಿಂಕ್‌ಗಳಿಗಾಗಿ ಮಾಡಿದ ಎಲ್‌ಟಿಪಿ ಎಂಬ ಪ್ರೋಟೋಕಾಲ್ (ಡೇಟಾ ಕಳಿಸುವ ನಿಯಮಗಳ ಕಟ್ಟು) ಅಷ್ಟು ದೂರಕ್ಕೆ ಹೇಗೆ ಓಡುತ್ತದೆ ಅಂತ ಹೀಗೆ ನೋಡಿದೆ. ಎರಡು ನೆಟ್‌ವರ್ಕ್ ನೇಮ್‌ಸ್ಪೇಸ್ (ಒಂದೇ ಯಂತ್ರದೊಳಗೆ ಎರಡು ಬೇರೆ ಕಂಪ್ಯೂಟರ್ ಇದ್ದ ಹಾಗೆ) ಮಾಡಿ, ನಡುವೆ ಒಂದು ವರ್ಚುವಲ್ ಕೇಬಲ್ ಹಾಕಿ, ಎರಡೂ ತುದಿಗೆ ನೆಟೆಮ್‌ನಿಂದ (ಬೇಕೆಂದೇ ತಡ, ನಷ್ಟ ಹಾಕುವ ಲಿನಕ್ಸ್ ಸಾಧನ) 240 ಸೆಕೆಂಡ್ ತಡ ಕೊಟ್ಟೆ. ಹೋಗೋಕೆ 4 ನಿಮಿಷ, ಬರೋಕೆ 4 ನಿಮಿಷ. ಮಂಗಳ ಹತ್ತಿರ ಇದ್ದಾಗ ಸುಮಾರು ಇಷ್ಟೇ. ಮಂಗಳಯಾನ 2014ರಲ್ಲಿ ಕಕ್ಷೆ ಸೇರಿದ ದಿನ ಒಂದು ಕಡೆಗೇ 12 ನಿಮಿಷ ದಾಟಿತ್ತು.

ಮೊದಲು ಪಿಂಗ್ (ಆಚೆ ತುದಿ ಸಿಗುತ್ತದಾ ಅಂತ ನೋಡುವ ಚಿಕ್ಕ ಸಂದೇಶ) ಕೂಡ ಹೋಗುವುದಿಲ್ಲ. ಕಾರಣ ಎಆರ್‌ಪಿ ಎಂಬ ವಿಳಾಸ ಹುಡುಕುವ ವ್ಯವಸ್ಥೆ: ಆಚೆಯವರ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು) ಕೇಳಿ, ಕೆಲವೇ ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಅದು ಕೈಬಿಡುತ್ತದೆ. ವಿಳಾಸವನ್ನು ನಾವೇ ಶಾಶ್ವತವಾಗಿ ಬರೆದಿಡಬೇಕು. ಇನ್ನೊಂದು, ನೆಟೆಮ್ ಸುಮ್ನೆ ಬಿಟ್ಟರೆ 1000 ಪ್ಯಾಕೆಟ್ (ಡೇಟಾ ತುಣುಕು) ಮಾತ್ರ ಹಿಡಿದುಕೊಳ್ಳುತ್ತದೆ. ನನ್ನ ವೇಗ ಸೆಕೆಂಡಿಗೆ 1 ಲಕ್ಷ ಬೈಟ್. ಅಂದರೆ ಯಾವಾಗಲೂ 17 ಸಾವಿರ ಪ್ಯಾಕೆಟ್ ದಾರಿಯಲ್ಲೇ ಇರುತ್ತವೆ. ಆ ಮಿತಿ ಏರಿಸದಿದ್ದರೆ ಪ್ರೋಟೋಕಾಲ್‌ನ ತಪ್ಪೇ ಇಲ್ಲದೆ ಎಲ್ಲ ಬಿದ್ದುಹೋಗುತ್ತದೆ.

ಇಂಟರ್‌ನೆಟ್‌ನಲ್ಲಿ ಸಾಮಾನ್ಯವಾಗಿ ಬಳಸುವ ಟಿಸಿಪಿ ಪ್ರೋಟೋಕಾಲ್ ಇಲ್ಲಿ ನಿಧಾನ ಆಗುವುದಲ್ಲ, ಶುರುವೇ ಆಗುವುದಿಲ್ಲ. ಲಿನಕ್ಸ್‌ನಲ್ಲಿ ಮೊದಲ ಸಿನ್ (ಸಂಪರ್ಕ ಶುರು ಮಾಡೋಣ ಅಂತ ಕೇಳುವ ಪ್ಯಾಕೆಟ್) ಹೋದ ಮೇಲೆ ಕಾಯುವ ಹೊತ್ತನ್ನು ಹೆಚ್ಚಿಸುತ್ತಾ ಮತ್ತೆ ಮತ್ತೆ ಕಳಿಸಿ, ಸುಮಾರು ಎರಡು ನಿಮಿಷಕ್ಕೆ ಸೋತು ಬಿಡುತ್ತದೆ. ಆ ಹೊತ್ತಿಗೆ ಮೊದಲ ಸಿನ್ ಅರ್ಧ ದಾರಿಯನ್ನಷ್ಟೇ ದಾಟಿರುತ್ತದೆ!

ನಾನು ಬಳಸಿದ್ದು ನಾಸಾದ ಜೆಪಿಎಲ್ ಪ್ರಯೋಗಾಲಯದವರ ಅಯಾನ್ ಎಂಬ ಸಾಫ್ಟ್‌ವೇರ್. ಅದರಲ್ಲಿ ಮೇಲೆ ಬಂಡಲ್ ಪ್ರೋಟೋಕಾಲ್ (ಡೇಟಾವನ್ನು ಕಟ್ಟು ಮಾಡಿ, ಲಿಂಕ್ ಸಿಗುವ ತನಕ ಇಟ್ಟುಕೊಳ್ಳುವುದು), ಕೆಳಗೆ ಎಲ್‌ಟಿಪಿ, ಅಂದರೆ ಲಿಕ್‌ಲೈಡರ್ ಟ್ರಾನ್ಸ್‌ಮಿಷನ್ ಪ್ರೋಟೋಕಾಲ್. ಎಲ್‌ಟಿಪಿಗೆ ಹ್ಯಾಂಡ್‌ಶೇಕ್, ಅಂದರೆ ಶುರುವಿನಲ್ಲಿ ಎರಡೂ ಕಡೆ ಕೇಳಿ ಒಪ್ಪುವ ಮಾತುಕತೆ, ಇಲ್ಲ. ಬ್ಲಾಕನ್ನು (ಡೇಟಾದ ಒಂದು ಗಂಟು) ಸೆಗ್ಮೆಂಟ್, ಅಂದರೆ ಚಿಕ್ಕ ತುಂಡು, ಮಾಡಿ ಕಳಿಸುತ್ತದೆ, ಕೊನೆಯದಕ್ಕೆ ಚೆಕ್‌ಪಾಯಿಂಟ್ ಗುರುತು ಹಾಕುತ್ತದೆ. ಆಚೆಯವರು ದಿನಸಿ ಚೀಟಿಗೆ ಟಿಕ್ ಹಾಕಿ ಕೊಟ್ಟ ಹಾಗೆ ಯಾವುದು ಬಂತು ಅಂತ ರಿಪೋರ್ಟ್ ಕೊಡುತ್ತಾರೆ, ಬಿಟ್ಟುಹೋದದ್ದು ಮಾತ್ರ ಮತ್ತೆ ಹೋಗುತ್ತದೆ. ಎಷ್ಟು ಹೊತ್ತು ಕಾಯಬೇಕು ಅಂತ ಅದು ಊಹಿಸುವುದಿಲ್ಲ, ದೂರ 240 ಬೆಳಕಿನ ಸೆಕೆಂಡ್ ಅಂತ ಕಾಂಟ್ಯಾಕ್ಟ್ ಪ್ಲಾನ್‌ನಲ್ಲಿ (ಲಿಂಕ್ ಯಾವಾಗ ಇರುತ್ತದೆ, ಎಷ್ಟು ದೂರ ಅನ್ನುವ ಪಟ್ಟಿ) ನಾವೇ ಹೇಳಿರುತ್ತೇವೆ.

ಸೆಷನ್ (ಒಂದು ಬ್ಲಾಕ್ ಕಳಿಸಿ ರಿಪೋರ್ಟ್ ಬರುವ ತನಕದ ಕೆಲಸ) ಲೆಕ್ಕದಲ್ಲಿ ಮಾತ್ರ ತಲೆ ಓಡಿಸಬೇಕು. ರಿಪೋರ್ಟ್ ಬರಲು 480 ಸೆಕೆಂಡ್, ಅಷ್ಟರಲ್ಲಿ 48 ಎಂಬಿ ಕಳಿಸಬಹುದು. ಬ್ಲಾಕ್ 1 ಎಂಬಿ ಆದರೆ ಕನಿಷ್ಠ 48 ಸೆಷನ್ ಒಟ್ಟಿಗೆ ತೆರೆದಿರಬೇಕು, ಇಲ್ಲವಾದರೆ ಲಿಂಕ್ ಖಾಲಿ ಕೂರುತ್ತದೆ. ನಷ್ಟ ಇದ್ದರೆ ಇನ್ನೂ ಜಾಸ್ತಿ. ಶೇ. 5 ನಷ್ಟ ಹಾಕಿದರೆ 1 ಎಂಬಿ ಬ್ಲಾಕಿನ 715 ಸೆಗ್ಮೆಂಟ್‌ನಲ್ಲಿ ಸುಮಾರು 36 ಹೋಗುತ್ತವೆ, ಮುಂದಿನ ಸುತ್ತಿನಲ್ಲಿ ಒಂದೆರಡು. ಪ್ರತಿ ಸುತ್ತಿಗೂ 8 ನಿಮಿಷ! ಒಂದು ಸೆಗ್ಮೆಂಟ್ ಬಾಕಿ ಇದ್ದರೂ ಆ ಬ್ಲಾಕಿನ ಕೆಂಪು ಭಾಗ, ಅಂದರೆ ಖಾತ್ರಿಯಾಗಿ ತಲುಪಬೇಕಾದ ಡೇಟಾ, ಮೇಲಕ್ಕೆ ಹೋಗುವುದಿಲ್ಲ. ಹಾಗಾಗಿ ನನಗೆ ಚಿಕ್ಕ ಬ್ಲಾಕ್, ಜಾಸ್ತಿ ಸೆಷನ್ ಇಷ್ಟ. ಮೆಮೊರಿ ತಿಂದರೆ ತಿನ್ನಲಿ. ನಿಜವಾದ ಬಾಹ್ಯಾಕಾಶ ಲಿಂಕ್‌ಗಳಲ್ಲಿ ಟರ್ಬೊ ಅಥವಾ ಎಲ್‌ಡಿಪಿಸಿಯಂಥ ತಪ್ಪು ತಿದ್ದುವ ಕೋಡಿಂಗ್ ಕೆಳಗೇ ಇರುತ್ತದೆ, ಹಾಗಾಗಿ ನಷ್ಟ ಇಷ್ಟು ಕೆಟ್ಟದಾಗಿರುವುದಿಲ್ಲ ಬಿಡಿ.

ಕೊನೆಗೆ ಪ್ಲಾನ್‌ನಲ್ಲೇ ನಡುವೆ ಲಿಂಕ್ ಮುಚ್ಚಿ ನೋಡಿದೆ, ಆಂಟೆನಾಗೆ ಗ್ರಹ ಕಾಣದ ಹೊತ್ತು ಅಂದುಕೊಳ್ಳಿ. ಟೈಮರ್‌ಗಳು ಅಲ್ಲೇ ನಿಂತವು. ಮತ್ತೆ ತೆರೆದಾಗ ಉಳಿದದ್ದರಿಂದ ಮುಂದುವರಿದವು. ಮೊದಲಿಂದ ಏನನ್ನೂ ಕಳಿಸಲಿಲ್ಲ.