ಇಂಗ್ಲಿಷ್ ತಪ್ಪುಗಳು ಕನ್ನಡದಿಂದ ಬರುತ್ತವೆ, ಅಲ್ಲಿಂದಲೇ ತಿದ್ದಿ

ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆಫೀಸಿನಲ್ಲಿ ಒಬ್ಬರು "ಆರೆಂಟ್ ಯೂ ಕಮಿಂಗ್ ಟುಮಾರೋ?" ಎಂದು ಕೇಳಿದರು. ನಾಳೆ ಬರಲ್ವಾ ಅಂತ. ನಾನು "ಯೆಸ್" ಅಂದೆ. ನನ್ನ ತಲೆಯಲ್ಲಿ ಇದ್ದದ್ದು "ಹೂಂ, ಬರಲ್ಲ". ಮಾರನೇ ದಿನ ಅವರು ನನಗಾಗಿ ಕಾಯುತ್ತಾ ಕೂತಿದ್ದರು, ನಾನು ಊರಲ್ಲಿ ಮದುವೆ ಊಟಕ್ಕೆ ಕೂತಿದ್ದೆ.

ಕನ್ನಡದಲ್ಲಿ ಎದುರಿನವರ ಮಾತು ಸರಿ ಅನ್ನಿಸಿದರೆ ಹೂಂ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಹಾಗಲ್ಲ. ಬರುವುದಾದರೆ ಯೆಸ್, ಬರದಿದ್ದರೆ ನೋ, ಪ್ರಶ್ನೆಯನ್ನು ಹೇಗೆ ತಿರುಗಿಸಿ ಕೇಳಿದರೂ ಅಷ್ಟೇ. "ನೋ, ಐ ಆಮ್ ನಾಟ್" ಅಂದಿದ್ದರೆ ಮುಗಿಯುತ್ತಿತ್ತು.

ಆಮೇಲೆ ನನಗೆ ಒಂದು ವಿಷಯ ಹೊಳೆಯಿತು. ನನ್ನ ಇಂಗ್ಲಿಷ್ ತಪ್ಪುಗಳಲ್ಲಿ ಮುಕ್ಕಾಲುಪಾಲು ಒಳ್ಳೆಯ ಕನ್ನಡ. ಹಾಗಾಗಿ ದಪ್ಪ ಗ್ರಾಮರ್ ಪುಸ್ತಕ ಪಕ್ಕಕ್ಕಿಡಿ. ರಾತ್ರಿ ಮಲಗುವ ಮುಂಚೆ ಇವತ್ತು ಕನ್ನಡದಲ್ಲಿ ನಿಜವಾಗಿ ಆಡಿದ ಹತ್ತು ಮಾತು ಬರೆದುಕೊಳ್ಳಿ, ಎದುರಿಗೆ ಅದನ್ನೇ ಇಂಗ್ಲಿಷಿನಲ್ಲಿ ಬರೆಯಿರಿ. ಎಲ್ಲಿ ಪೆನ್ನು ನಿಲ್ಲುತ್ತದೋ ಅದೇ ನಿಮ್ಮ ಮಾರನೇ ದಿನದ ಪಾಠ.

ನನಗೆ ಮೊದಲು ಸಿಕ್ಕಿಬಿದ್ದದ್ದು "ಹಾಕು". ನಾವು ಲೈಟ್ ಹಾಕುತ್ತೇವೆ, ಬಾಗಿಲು ಹಾಕುತ್ತೇವೆ, ಬೀಗ ಹಾಕುತ್ತೇವೆ, ಊಟ ಹಾಕುತ್ತೇವೆ, ಸಹಿ ಹಾಕುತ್ತೇವೆ, ಗಾಡಿಗೆ ಪೆಟ್ರೋಲ್ ಹಾಕಿಸುತ್ತೇವೆ. ಎಲ್ಲಕ್ಕೂ "ಪುಟ್" ಅಂದರೆ ಕೇಳಿದವರು ಕಂಗಾಲು. ಲೈಟಿಗೆ "ಸ್ವಿಚ್ ಆನ್", ಬಾಗಿಲಿಗೆ "ಕ್ಲೋಸ್", ಬೀಗಕ್ಕೆ "ಲಾಕ್", ಊಟಕ್ಕೆ "ಸರ್ವ್", ಸಹಿಗೆ "ಸೈನ್". ಒಂಟಿ ಪದ ಬಾಯಿಪಾಠ ಮಾಡಿದರೆ ಬೇಕಾದಾಗ ಬಾಯಿಗೆ ಬರುವುದಿಲ್ಲ, "ಪ್ಲೀಸ್ ಸ್ವಿಚ್ ಆನ್ ದ ಲೈಟ್" ಅಂತ ಇಡೀ ವಾಕ್ಯವನ್ನೇ ಗಟ್ಟಿಯಾಗಿ ಹೇಳಿ.

ಇನ್ನೊಂದು "ಇಂದ". ಮೂರು ದಿನದಿಂದ ಜ್ವರ, ಸೋಮವಾರದಿಂದ ಜ್ವರ. ನಮಗೆ ಎರಡೂ ಒಂದೇ, ಅದಕ್ಕೇ "ಸಿನ್ಸ್ ತ್ರೀ ಡೇಸ್" ಅನ್ನುತ್ತೇವೆ. ಎಷ್ಟು ದಿನ ಅಂತ ಎಣಿಸಿದರೆ "ಫಾರ್", ಯಾವತ್ತು ಶುರುವಾಯಿತು ಅಂತ ಹೇಳಿದರೆ "ಸಿನ್ಸ್". "ಐ ಹ್ಯಾವ್ ಹ್ಯಾಡ್ ಎ ಫೀವರ್ ಫಾರ್ ತ್ರೀ ಡೇಸ್." ರಜೆ ಕೇಳುವವರಿಗೆಲ್ಲ ಬೇಕಾಗುವ ವಾಕ್ಯ ಇದು!

"ನಿನ್ನೆ ಮೈಸೂರಿಗೆ ಹೋಗಿದ್ದೆ" ಅನ್ನುವುದನ್ನು "ಐ ಹ್ಯಾಡ್ ಗಾನ್" ಅಂತ ಮಾಡಬೇಡಿ. ಸುಮ್ನೆ "ಐ ವೆಂಟ್" ಸಾಕು. ಹಿಂದೆ ನಡೆದ ಎರಡು ಸಂಗತಿಯಲ್ಲಿ ಯಾವುದು ಮೊದಲು ಅಂತ ತೋರಿಸಬೇಕಾದಾಗ ಮಾತ್ರ "ಹ್ಯಾಡ್" ಬೇಕು: ನಾನು ಸ್ಟೇಷನ್ನಿಗೆ ಹೋಗುವಷ್ಟರಲ್ಲಿ ರೈಲು ಹೊರಟುಹೋಗಿತ್ತು, "ದ ಟ್ರೇನ್ ಹ್ಯಾಡ್ ಲೆಫ್ಟ್".

"ಎ", "ದ" ಗೊಂದಲಕ್ಕೆ ಅಜ್ಜಿ ಕತೆ ನೆನೆಸಿಕೊಳ್ಳಿ. "ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂವರು ಮಕ್ಕಳು." ಮೊದಲ ಸಲ ಬಂದ ಒಬ್ಬ ರಾಜ "ಎ ಕಿಂಗ್", ಆಮೇಲೆ ಆ ರಾಜ "ದ ಕಿಂಗ್". ಎಲ್ಲ ಕಡೆ ಈ ಉಪಾಯ ನಡೆಯುವುದಿಲ್ಲ, ಆದರೆ ದಿನಬಳಕೆಯ ಮಾತಿಗೆ ಸುಮಾರು ದೂರ ಕೈಹಿಡಿಯುತ್ತದೆ.

ಉಚ್ಚಾರಕ್ಕೆ ಬಂದರೆ, ನಮ್ಮ ಬಾಯಲ್ಲಿ "ಎಗ್" ಅನ್ನುವುದು "ಯೆಗ್" ಆಗುತ್ತದೆ, "ಓನ್ಲಿ" ಅನ್ನುವುದು "ವೋನ್ಲಿ" ಆಗುತ್ತದೆ. ಎಲೆಯನ್ನು ಯೆಲೆ ಅನ್ನುವ ನಾಲಿಗೆ ತಾನೇ ಇದು. ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಅರ್ಥ ಕೆಡುವುದಿಲ್ಲ. ತಿದ್ದಬೇಕಾದದ್ದು ಪದದ ಕೊನೆ. "ವಾಕೆಡ್" ಅಲ್ಲ "ವಾಕ್ಟ್", "ಪ್ಲೇಯೆಡ್" ಅಲ್ಲ "ಪ್ಲೇಡ್". ಟ, ಡ ಸದ್ದಿನಿಂದ ಮುಗಿಯುವ ಪದಕ್ಕೆ ಮಾತ್ರ ಕೊನೆಯ "ಎಡ್" ಪೂರ್ತಿ ಕೇಳಿಸಬೇಕು, "ವಾಂಟೆಡ್" ಥರ. ಅನುಮಾನ ಬಂದರೆ ಕೇಂಬ್ರಿಡ್ಜ್ ಆನ್‌ಲೈನ್ ಡಿಕ್ಷನರಿಯಲ್ಲಿ ಸ್ಪೀಕರ್ ಚಿತ್ರ ಒತ್ತಿ ಕೇಳಿ. "ರಿಸೀಟ್" ಪದದಲ್ಲಿ ಪಿ ಅಕ್ಷರ ಸುಮ್ಮನೆ ಕೂತಿದೆ, "ಪ್ಲಮರ್" ಪದದಲ್ಲಿ ಬಿ ಕೂಡ ಹಾಗೇ.

ಕಿವಿಗೆ ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ "6 ಮಿನಿಟ್ ಇಂಗ್ಲಿಷ್" ಒಳ್ಳೆಯದು, ದುಡ್ಡಿಲ್ಲ. ದಿನಕ್ಕೊಂದು ಹೊಸದು ಕೇಳುವ ಬದಲು ಒಂದನ್ನೇ ನಾಲ್ಕು ದಿನ ಕೇಳಿ, ನಾಲ್ಕನೇ ದಿನ ಅವರ ಜೊತೆಗೇ ಮಾತಾಡುತ್ತಾ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಿಮ್ಮ ದನಿ ನಿಮಗೇ ಹೇಗೋ ಅನ್ನಿಸುತ್ತದೆ, ಎಲ್ಲರಿಗೂ ಹಾಗೇ. ಓದುವುದಕ್ಕೆ ಕ್ರಿಕೆಟ್ ವರದಿ ಹಿಡಿಯಿರಿ. ರಾತ್ರಿ ಮ್ಯಾಚ್ ನೋಡಿ, ಬೆಳಿಗ್ಗೆ ಕನ್ನಡ ಪೇಪರ್ ಓದಿ, ಆಮೇಲೆ ಇಂಗ್ಲಿಷ್ ಪೇಪರ್. ಯಾರು ಗೆದ್ದರು ಅಂತ ಗೊತ್ತಿರುವುದರಿಂದ ಅರ್ಧ ಪದಗಳು ತಾವಾಗೇ ಬಿಡಿಸಿಕೊಳ್ಳುತ್ತವೆ.

ಮಾತಿನ ಮಧ್ಯೆ ಪದ ಸಿಗದಿದ್ದರೆ ವಾಕ್ಯವನ್ನು ಮುರಿದು ಎರಡು ಮಾಡಿ. "ನೀನು ನಿಮ್ಮಪ್ಪನಿಗೆ ಎಷ್ಟನೇ ಮಗ?" ಅನ್ನುವುದನ್ನು ಇಂಗ್ಲಿಷಿಗೆ ತರಲು ನಮ್ಮ ಹಾಸ್ಟೆಲಿನಲ್ಲಿ ಒಂದು ರಾತ್ರಿ ಪೂರ್ತಿ ಜಗಳ ನಡೆದಿತ್ತು, ಯಾರೂ ಗೆಲ್ಲಲಿಲ್ಲ, ಯಾಕೆಂದರೆ ನಮ್ಮ "ಎಷ್ಟನೇ" ಪದಕ್ಕೆ ಸರಿಸಾಟಿಯಾದ ಒಂದು ಪದ ಇಂಗ್ಲಿಷಿನಲ್ಲಿ ಬಳಕೆಯಲ್ಲೇ ಇಲ್ಲ. ಈಗ ಯಾರಾದರೂ ಸಿಕ್ಕರೆ ನಾನು ಹೀಗೆ ಕೇಳುತ್ತೇನೆ: "ಐ ಆಮ್ ದ ಥರ್ಡ್ ಸನ್. ವಾಟ್ ಅಬೌಟ್ ಯೂ?"