ಎರಡೂವರೆ ಎಂದ ಹುಡುಗ ಮತ್ತು ನನ್ನ ಗಣಿತದ ತಯಾರಿ

ಆರರಿಂದ ಎಂಟನೆಯ ತರಗತಿಯವರೆಗೆ ಗಣಿತ ಕಲಿಸಲು ಬೇಕಾದ ಅರ್ಹತಾ ಪರೀಕ್ಷೆಯ ಪಠ್ಯಕ್ರಮವನ್ನು ಮೊದಲ ಬಾರಿ ಓದಿದಾಗ ನನಗೆ ಗೊತ್ತಿಲ್ಲದ್ದು ಅದರಲ್ಲಿ ಏನೂ ಇಲ್ಲವೆಂದೇ ಅನ್ನಿಸಿತ್ತು. ಪೂರ್ಣಾಂಕ, ಭಿನ್ನರಾಶಿ, ದಶಮಾಂಶ, ಅನುಪಾತ, ಸರಳ ಸಮೀಕರಣ, ಕೋನ, ವಿಸ್ತೀರ್ಣ, ಸರಾಸರಿ ಇವೆಲ್ಲವನ್ನೂ ನಾನು ಎಂದೋ ಕಲಿತು ಮುಂದೆ ಹೋಗಿದ್ದೆ. ಪದವಿಯಲ್ಲಿ ಕಲನಶಾಸ್ತ್ರದ ಲೆಕ್ಕಗಳನ್ನು ಸಲೀಸಾಗಿ ಮಾಡಿದವಳಿಗೆ ಭಿನ್ನರಾಶಿಯ ಭಾಗಾಕಾರವನ್ನು ಮತ್ತೆ ಓದುವ ಅಗತ್ಯವಾದರೂ ಏನು ಎಂದುಕೊಂಡೇ ತರಬೇತಿಗೆ ಸೇರಿದೆ.

ತರಬೇತಿಯ ಭಾಗವಾಗಿ ಪಾಠ ಮಾಡಲು ಹೋದ ತರಗತಿಯೊಂದರಲ್ಲಿ ನಾನು ಕೊಟ್ಟ ಲೆಕ್ಕ ಇಷ್ಟೇ: ಎರಡು ಮೀಟರ್ ಹಗ್ಗವನ್ನು ಮುಕ್ಕಾಲು ಮೀಟರಿನ ತುಂಡುಗಳಾಗಿ ಕತ್ತರಿಸಿದರೆ ಎಷ್ಟು ತುಂಡುಗಳಾಗುತ್ತವೆ? ಭಾಜಕವನ್ನು ತಿರುವಿ ಗುಣಿಸಿದರೆ 8/3, ಅಂದರೆ 2⅔. ಒಬ್ಬ ಹುಡುಗ ಮಾತ್ರ ಆ ನಿಯಮವನ್ನು ಹಾಕದೆ ಪುಸ್ತಕದಲ್ಲಿ ಉದ್ದನೆಯ ಗೆರೆ ಎಳೆದು, ಮುಕ್ಕಾಲು ಮೀಟರಿಗೊಂದು ಗುರುತು ಹಾಕಿದ್ದ. "ಎರಡು ತುಂಡು ಬಂತು, ಇನ್ನೂ ಅರ್ಧ ಮೀಟರ್ ಉಳಿಯಿತು. ಹಾಗಾದರೆ ಎರಡೂವರೆ ಅಲ್ವಾ ಟೀಚರ್?" ಎಂದು ಕೇಳಿದ. ಅವನ ಚಿತ್ರದಲ್ಲಿ ತಪ್ಪೇನೂ ಕಾಣಲಿಲ್ಲ. ನನ್ನ ಉತ್ತರದಲ್ಲೂ ತಪ್ಪಿರಲಿಲ್ಲ. "ನಿಯಮ ಹಾಕಿ ನೋಡು" ಎಂದಷ್ಟೇ ಹೇಳಿ ಮುಂದಿನ ಬೆಂಚಿಗೆ ನಡೆದೆ. ಆ ನಡೆ ನನ್ನನ್ನು ಬಹಳ ದಿನ ಕಾಡಿತು.

ಅಂದು ಸಂಜೆ ಅದೇ ಗೆರೆಯನ್ನು ನಾನೂ ಎಳೆದು ಕುಳಿತಾಗ ವಿಷಯ ಬಿಡಿಸಿಕೊಂಡಿತು. ಉಳಿದದ್ದು ನಿಜವಾಗಿಯೂ ಅರ್ಧ ಮೀಟರ್. ಆದರೆ ಪ್ರಶ್ನೆ ಕೇಳಿದ್ದು ಮೀಟರುಗಳನ್ನಲ್ಲ, ತುಂಡುಗಳನ್ನು. ಒಂದು ತುಂಡಿಗೆ ಕಾಲು ಮೀಟರಿನ ಮೂರು ಭಾಗಗಳು ಬೇಕು. ಉಳಿದಿರುವುದು ಅಂಥ ಎರಡು ಭಾಗಗಳು. ಆದ್ದರಿಂದ ಉಳಿದದ್ದು ಒಂದು ತುಂಡಿನ ಮೂರನೇ ಎರಡು ಭಾಗ. ಹುಡುಗನ ಅರ್ಧವೂ ನಿಯಮದ ಮೂರನೇ ಎರಡೂ ಒಂದೇ ಹಗ್ಗದ ಚೂರನ್ನು ಎರಡು ಬೇರೆ ಮಾನಗಳಿಂದ ಅಳೆದ ಫಲಗಳು. ಭಾಜಕವನ್ನು ಏಕೆ ತಿರುವುತ್ತೇವೆ ಎಂಬುದೂ ಆಗಲೇ ನನಗೆ ಕಂಡಿತು: ಒಂದು ಮೀಟರಿನಲ್ಲಿ ಅಂಥ ತುಂಡುಗಳು 4/3 ಇರುತ್ತವೆ, ಎರಡು ಮೀಟರಿನಲ್ಲಿ ಅದರ ಎರಡರಷ್ಟು. ಇಷ್ಟು ವರ್ಷ ಕೈಗೆ ಅಭ್ಯಾಸವಾಗಿದ್ದ ನಿಯಮವೊಂದರ ಕಾರಣವನ್ನು ನಾನು ತಿಳಿದುಕೊಂಡದ್ದು ಆ ದಿನ.

1986ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಅಮೆರಿಕದ ಶಿಕ್ಷಣ ಚಿಂತಕ ಲೀ ಶುಲ್ಮನ್, ವಿಷಯವನ್ನು ತಿಳಿದಿರುವುದು ಬೇರೆ, ಅದನ್ನು ಕಲಿಸಲು ಬೇಕಾಗುವಂತೆ ತಿಳಿದಿರುವುದು ಬೇರೆ ಎಂಬ ಅರ್ಥದ ವಿಚಾರವನ್ನು ಮುಂದಿಟ್ಟರು. ತರಬೇತಿಯಲ್ಲಿ ಇದನ್ನು ಓದಿದಾಗ ನನ್ನ ಕೊರತೆಗೆ ಹೆಸರು ಸಿಕ್ಕಂತಾಯಿತು. ಅಂದಿನಿಂದ ಒಂದು ದಪ್ಪ ನೋಟ್‌ಬುಕ್ಕಿನ ಪ್ರತಿ ಪುಟಕ್ಕೂ ಎರಡು ಗೆರೆ ಎಳೆದು ಮೂರು ಅಂಕಣ ಮಾಡಿಕೊಂಡೆ. ಮೊದಲನೆಯದರಲ್ಲಿ ಲೆಕ್ಕ ಮಾಡುವ ವಿಧಾನ, ಎರಡನೆಯದರಲ್ಲಿ ಅದು ಸರಿಯಾಗಲು ಕಾರಣ, ಮೂರನೆಯದರಲ್ಲಿ ಮಕ್ಕಳು ಮಾಡುವ ತಪ್ಪು ಮತ್ತು ಆ ತಪ್ಪಿನೊಳಗಿರುವ ಸರಿ. ಮೊದಲ ಅಂಕಣ ಒಂದೇ ವಾರದಲ್ಲಿ ತುಂಬಿತು. ಎರಡನೆಯದಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಅತಿ ಹೆಚ್ಚು ಕಷ್ಟಕೊಟ್ಟದ್ದು ಋಣ ಸಂಖ್ಯೆಗಳ ಗುಣಾಕಾರ. ಗಣಿತಜ್ಞ ಬ್ರಹ್ಮಗುಪ್ತ 628ರಲ್ಲಿಯೇ ಧನ, ಋಣ ಎಂಬ ಮಾತುಗಳಲ್ಲಿ ಇದರ ನಿಯಮಗಳನ್ನು ಹೇಳಿದ್ದಾನೆ. ಸಂಕಲನಕ್ಕೆ ಸಾಲದ ಕಥೆ ಚೆನ್ನಾಗಿ ಒಪ್ಪುತ್ತದೆ. ಆದರೆ ಸಾಲವನ್ನು ಸಾಲದಿಂದ ಗುಣಿಸಿದರೆ ಆಸ್ತಿ ಹೇಗಾಗುತ್ತದೆ ಎಂದು ಮಗು ಕೇಳಿದರೆ ಆ ಕಥೆ ಅಲ್ಲಿಗೆ ನಿಲ್ಲುತ್ತದೆ. ಎಳೆದಾಡಿ ಕಥೆ ಕಟ್ಟುವುದಕ್ಕಿಂತ ಗಣಿತದ ಕಾರಣವನ್ನೇ ಕೊಡುವುದು ಮೇಲೆಂದು ನನ್ನ ಅಭಿಪ್ರಾಯ. (−3) × 4 ಎಂದರೆ −12 ಎಂಬುದನ್ನು ಮಕ್ಕಳು ಒಪ್ಪುತ್ತಾರೆ. 4 ಮತ್ತು −4ರ ಮೊತ್ತ ಸೊನ್ನೆಯಾದ್ದರಿಂದ, ಆ ಮೊತ್ತವನ್ನು −3ರಿಂದ ಗುಣಿಸಿದರೂ ಸೊನ್ನೆಯೇ ಬರಬೇಕು. ವಿತರಣಾ ನಿಯಮದಂತೆ ಬಿಡಿಸಿದರೆ −12ಕ್ಕೆ (−3) × (−4) ಸೇರಿ ಸೊನ್ನೆಯಾಗಬೇಕು. ಹಾಗಾಗಲು ಅದು +12 ಆಗದೆ ಬೇರೆ ದಾರಿಯೇ ಇಲ್ಲ. ಇದನ್ನು ಕಪ್ಪುಹಲಗೆಯ ಮೇಲೆ ತಡವರಿಸದೆ ಹೇಳಲು ನನಗೆ ಹತ್ತಾರು ಸಲದ ಅಭ್ಯಾಸ ಬೇಕಾಯಿತು.

ಸೊನ್ನೆಯ ಪುಟದಲ್ಲಿ ನಾನು ಮಹಾವೀರಾಚಾರ್ಯರನ್ನು ಬರೆದುಕೊಂಡಿದ್ದೇನೆ. ಒಂಬತ್ತನೆಯ ಶತಮಾನದ ಆ ಗಣಿತಜ್ಞರು ಭಿನ್ನರಾಶಿಯ ಭಾಗಾಕಾರದಲ್ಲಿ ಭಾಜಕದ ಅಂಶ, ಛೇದಗಳನ್ನು ಅದಲುಬದಲು ಮಾಡಿ ಗುಣಿಸುವ ನಿಯಮವನ್ನು ಸ್ಪಷ್ಟವಾಗಿ ಕೊಟ್ಟವರು. ಅವರೇ ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗುವುದಿಲ್ಲ ಎಂದೂ ಹೇಳಿದ್ದಾರೆ. 6 ÷ 0 = 6 ಎಂದು ಬರೆಯುವ ಮಗು ಹಾಗಾದರೆ ಹಗುರವಾದ ತಪ್ಪನ್ನೇನೂ ಮಾಡುತ್ತಿಲ್ಲ. ಸೊನ್ನೆಯಿಂದ ಗುಣಿಸಿದಾಗ 6 ಬರುವ ಸಂಖ್ಯೆ ಯಾವುದೆಂದು ಹುಡುಕಲು ಅದಕ್ಕೆ ಸಮಯ ಕೊಟ್ಟರೆ, ಅಂಥ ಸಂಖ್ಯೆ ಇಲ್ಲವೆಂಬುದು ಅದಕ್ಕೇ ಸಿಗುತ್ತದೆ.

ಉಳಿದ ಪುಟಗಳು ಬೇಗ ಸಾಗಿದವು. ಎರಡು ಲೋಟ ಬಣ್ಣಕ್ಕೆ ಮೂರು ಲೋಟ ನೀರಾದರೆ ನಾಲ್ಕು ಲೋಟ ಬಣ್ಣಕ್ಕೆ ಐದು ಲೋಟ ನೀರು ಎನ್ನುವ ಮಗು ಗುಣಿಸಬೇಕಾದಲ್ಲಿ ಕೂಡಿಸುತ್ತಿದೆ. 7 + 6 = □ + 4 ಎಂಬಲ್ಲಿ ಚೌಕದೊಳಗೆ 13 ಬರೆಯುವ ಮಗುವಿಗೆ ಸಮ ಚಿಹ್ನೆ ಎಂದರೆ 'ಉತ್ತರ ಬರೆ' ಎಂಬ ಸೂಚನೆ; ಸಮೀಕರಣಗಳಿಗೆ ಕಾಲಿಡುವ ಮೊದಲೇ ಇದನ್ನು ಸರಿಪಡಿಸದಿದ್ದರೆ ಬೀಜಗಣಿತದಲ್ಲಿ ಅದು ಎಡವುತ್ತದೆ.

ಎಷ್ಟು ಮೇಲಿನ ಗಣಿತ ಓದಬೇಕು ಎಂದು ಸಹಪಾಠಿಗಳು ಕೇಳುತ್ತಿದ್ದರು. ಕಲಿಸುವ ತರಗತಿಗಿಂತ ಎರಡು ಮೂರು ಮೆಟ್ಟಿಲು ಮೇಲಿನದು ಗಟ್ಟಿಯಾಗಿರಲೇಬೇಕು, ಆದರೆ ಅದು ಕೆಳಗಿನ ಪಾಠದ ಮೇಲೆ ಬೆಳಕು ಚೆಲ್ಲುವಂತಿರಬೇಕು ಎಂಬುದು ನನ್ನ ನಂಬಿಕೆ. ಒಂಬತ್ತರಿಂದ ಭಾಗವಾಗುವುದನ್ನು ಅಂಕಿಗಳ ಮೊತ್ತದಿಂದ ಪರೀಕ್ಷಿಸುತ್ತೇವೆ. ನೂರು ಎಂದರೆ 99 + 1, ಹತ್ತು ಎಂದರೆ 9 + 1 ಎಂದು ಬಿಡಿಸಿ ಬೀಜಗಣಿತದಲ್ಲಿ ಬರೆದರೆ ಆ ನಿಯಮ ಕಣ್ಣೆದುರೇ ಸಾಧಿತವಾಗುತ್ತದೆ. ಇಂಥ ಸಾಧನೆಗಳಿಗೆ ಕೊಟ್ಟ ಸಮಯ ಪೂರ್ತಿ ಸಾರ್ಥಕ.

ಸಂಖ್ಯಾಶಾಸ್ತ್ರವನ್ನು ನಾನು ಕೊನೆಗೆ ತಳ್ಳಿದ್ದೆ, ಅದು ಸರಿಯಲ್ಲದ ನಿರ್ಧಾರವಾಗಿತ್ತು. ಪರೀಕ್ಷೆಯಲ್ಲಿ ಒಂದು ಮಗುವಿನ ಉತ್ತರವನ್ನು ಕೊಟ್ಟು ಪರಿಶೀಲಿಸಲು ಹೇಳಿದ್ದರು. 20 ಮಕ್ಕಳ ಗುಂಪಿನ ಸರಾಸರಿ ಅಂಕ 60, 30 ಮಕ್ಕಳ ಗುಂಪಿನದು 70, ಎರಡೂ ಸೇರಿದರೆ 65 ಎಂದು ಆ ಮಗು ಬರೆದಿತ್ತು. 3300 ಅಂಕಗಳನ್ನು 50 ಮಕ್ಕಳಿಗೆ ಹಂಚಿ 66 ಎಂದು ತೋರಿಸಲು ಎರಡು ಸಾಲು ಸಾಕಾಯಿತು. ಉಳಿದ ಜಾಗದಲ್ಲಿ, ಎರಡೂ ಗುಂಪುಗಳಲ್ಲಿ ಒಂದೇ ಸಂಖ್ಯೆಯ ಮಕ್ಕಳಿದ್ದಿದ್ದರೆ ಈ ಮಗುವಿನ ಉತ್ತರ ಸರಿಯಾಗುತ್ತಿತ್ತು ಎಂದು ಬರೆದು, ಗುಂಪುಗಳನ್ನು 25 ಮತ್ತು 25 ಮಾಡಿ ಲೆಕ್ಕ ಮಾಡಿಸಿ, ಆಮೇಲೆ ಐದು ಮಕ್ಕಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸೇರಿಸಿದರೆ ಸರಾಸರಿ ಯಾವ ಕಡೆಗೆ ವಾಲುತ್ತದೆ ಎಂದು ಅದನ್ನೇ ಕೇಳುತ್ತೇನೆ ಎಂದು ಸೇರಿಸಿದೆ.