ಬಣ್ಣದ ಕೆಳಗಿನ ತುಕ್ಕು: ಜಾತ್ರೆಯ ತೊಟ್ಟಿಲು, ಕೊಲಂಬಸ್ ಹತ್ತುವ ಮುಂಚೆ ಏನು ನೋಡಬೇಕು, ಯಾರಿಂದ ಏನು ಮಾಡಿಸಬೇಕು

ಪುಷ್ಯ ಮಾಸ ಬಂದರೆ ಕೊಪ್ಪಳದ ಗವಿಮಠದ ಜಾತ್ರೆ, ಸಿಂಧನೂರು ತಾಲೂಕಿನ ಅಂಬಾಮಠದ ಜಾತ್ರೆ. ಆಮೇಲೆ ಬಳ್ಳಾರಿ ದುರ್ಗಮ್ಮನ ಸಿಡಿಬಂಡಿ, ಬೇಸಿಗೆ ಮುಗಿಯುವ ಹೊತ್ತಿಗೆ ಹುಲಿಗಿ. ಇಂಥ ಜಾತ್ರೆಗಳಿಗೆ ತೇರು ನೋಡಲು ಬಂದವರು ಜಾಯಿಂಟ್ ವ್ಹೀಲ್ ಎಂಬ ದೊಡ್ಡ ತೊಟ್ಟಿಲನ್ನೋ, ದೋಣಿಯಂತೆ ತೂಗುವ ಕೊಲಂಬಸ್ಸನ್ನೋ ಹತ್ತದೆ ಊರಿಗೆ ಹೋಗುವುದು ಕಡಿಮೆ. ವರ್ಷ ವರ್ಷವೂ ತಪ್ಪದೆ ಹತ್ತುವವರಿಗೆ ಬದಲಾವಣೆ ಬೇಗ ಕಣ್ಣಿಗೆ ಬೀಳುತ್ತದೆ: ಹೋದ ವರ್ಷ ಕೊಂಡಿ ಇದ್ದಲ್ಲಿ ಈ ವರ್ಷ ಬೈಂಡಿಂಗ್ ವೈರ್, ಹೋದ ವರ್ಷ ಸದ್ದಿಲ್ಲದೆ ತಿರುಗುತ್ತಿದ್ದ ತೊಟ್ಟಿಲಲ್ಲಿ ಈ ವರ್ಷ ಕರಕರ. ಬೇಜಾರು ಆಗಲೇಬೇಕು. ಆದರೆ ‘ಆಟ ಹಳೇದಾಗೈತಿ, ಸದ್ದು ಮಾಡ್ತೈತಿ’ ಎಂದು ಹೇಳಿದರೆ ‘ಇಷ್ಟು ವರ್ಷ ನಡದಾವಲ್ರಿ’ ಎಂಬ ಉತ್ತರ ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಯಾವ ಭಾಗ, ಎಷ್ಟನೇ ತೊಟ್ಟಿಲು, ಏನು ತಪ್ಪಿದೆ, ಯಾವತ್ತಿನಿಂದ ಎಂದು ಹೇಳಿದ ದೂರನ್ನು ಹಾಗೆ ತಳ್ಳಿಹಾಕುವುದು ಕಷ್ಟ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಹಳೆಯದಾಗಿರುವುದೇ ದೋಷವಲ್ಲ. ಇಪ್ಪತ್ತು ವರ್ಷದ ತೊಟ್ಟಿಲನ್ನು ಸರಿಯಾಗಿ ಜೋಡಿಸಿ, ಗ್ರೀಸ್ ತುಂಬಿ, ಸವೆದ ಪಿನ್ ಬದಲಿಸಿದ್ದರೆ ಅದು ಗಟ್ಟಿ. ಹೊಸದನ್ನೇ ಓರೆ ನೆಲದ ಮೇಲೆ ನಿಲ್ಲಿಸಿದರೆ ಅದು ಅಪಾಯ. ದೊಡ್ಡ ಪಾರ್ಕಿನ ಆಟ ನಿಂತಲ್ಲೇ ಇರುತ್ತದೆ. ಜಾತ್ರೆಯ ಆಟವನ್ನು ವರ್ಷಕ್ಕೆ ಎಷ್ಟೋ ಸಲ ಬಿಚ್ಚಿ, ಲಾರಿಗೆ ಹೇರಿ, ಮತ್ತೆ ಕಟ್ಟುತ್ತಾರೆ. ಪ್ರತಿ ಸಲವೂ ಪಿನ್ನುಗಳಿಗೆ ಸುತ್ತಿಗೆ ಏಟು ಬೀಳುತ್ತದೆ, ತೂತುಗಳು ಹಿಗ್ಗುತ್ತವೆ. ಹಾಗಾಗಿ ಸವೆತ ಮೊದಲು ಕಾಣುವುದು ಕೀಲುಗಳಲ್ಲಿ. ನೋಡುವ ಕಣ್ಣೂ ಅಲ್ಲಿಗೇ ಹೋಗಬೇಕು.

ನೆಲ

ಕೊಪ್ಪಳ, ರಾಯಚೂರು, ಬಳ್ಳಾರಿ ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ಎಲ್ಲಕ್ಕಿಂತ ಮೊದಲು ನೆಲವನ್ನು ನೋಡಬೇಕು. ಎರೆ ಭೂಮಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಜನವರಿಯಲ್ಲಿ ಕಲ್ಲಿನಂತೆ ಕಾಣುವ ಎರೆಯ ಮೇಲೆ ನಾಲ್ಕು ಕಾಲು ಊರಿದ ತೊಟ್ಟಿಲು ಮೊದಲ ದಿನ ನೆಟ್ಟಗೇ ಇರುತ್ತದೆ. ಪಕ್ಕದ ಮಿರ್ಚಿ ಬಜ್ಜಿ ಅಂಗಡಿಯವರು ಮೂರು ದಿನ ಪಾತ್ರೆ ತೊಳೆದ ನೀರು ಒಂದೇ ಕಾಲಿನ ಬುಡಕ್ಕೆ ಹರಿದರೆ ಆ ಕಾಲು ಕುಸಿಯುತ್ತದೆ. ಇಡೀ ಚಕ್ರದ ಭಾರ ಓರೆಯಾಗಿ ಒಂದು ಬದಿಯ ಬೇರಿಂಗಿನ ಮೇಲೆ ಬೀಳುತ್ತದೆ. ಮಸಾರಿ ನೆಲದಲ್ಲಿ ಈ ಕಾಟ ಕಡಿಮೆ.

ಎರೆಯಲ್ಲಿ ನಿಲ್ಲಿಸಲೇಬೇಕಾದರೆ ಮೇಲಿನ ಸಡಿಲ ಮಣ್ಣು ತೆಗೆದು, ಒಂದು ಗೇಣು ದಪ್ಪ ಗರಸು ಹಾಕಿ, ನೀರು ಹೊಡೆದು, ರೋಲರ್ ಓಡಿಸಬೇಕು. ಅದರ ಮೇಲೆ ದಪ್ಪ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಎರಡು ಸಾಲು ಇಟ್ಟು ಕಾಲು ಊರಬೇಕು. ಇಟ್ಟಿಗೆ ಚೂರು, ಸೈಜುಗಲ್ಲು, ಹಲಗೆ ತುಂಡುಗಳನ್ನು ಸಂದಿಗೆ ತುರುಕಿದ್ದರೆ ಅದು ಪ್ಯಾಕಿಂಗ್ ಅಲ್ಲ. ಕಂಪನಕ್ಕೆ ಇಟ್ಟಿಗೆ ಪುಡಿಯಾಗುತ್ತದೆ, ತುಂಡು ಹಲಗೆ ಜಾರುತ್ತದೆ.

ಬೇಲಿಯ ಹೊರಗೆ ನಿಂತೇ ಇದನ್ನು ಪರೀಕ್ಷಿಸಬಹುದು. ದಾರಕ್ಕೆ ಒಂದು ನಟ್ ಕಟ್ಟಿ, ಗೌಂಡಿಯ ಓಳಂಬದ ಹಾಗೆ ಕೈ ಚಾಚಿ ಹಿಡಿದು, ಮೂವತ್ತು ನಲವತ್ತು ಹೆಜ್ಜೆ ದೂರದಿಂದ ಚಕ್ರದ ಅಂಚನ್ನು ಪಕ್ಕದಿಂದ ನೋಡಿ. ನೆಟ್ಟಗೆ ನಿಂತ ಚಕ್ರದ ಅಂಚು ದಾರಕ್ಕೆ ಸಮ ಇರುತ್ತದೆ. ಮೊದಲ ದಿನ ಒಂದು ಫೋಟೊ, ನಾಲ್ಕನೆಯ ದಿನ ಅದೇ ಜಾಗದಿಂದ ಇನ್ನೊಂದು. ವ್ಯತ್ಯಾಸ ಕಂಡರೆ ಆಟ ನಿಲ್ಲಿಸಿ ಮತ್ತೆ ಲೆವೆಲ್ ಮಾಡಿಸಬೇಕು. ಹುಲಿಗಿ ಜಾತ್ರೆಯ ಕಾಲದಲ್ಲಿ ಮುಂಗಾರಿನ ಮುಂಚಿನ ಗಾಳಿ ಮಳೆ ಬರುವುದರಿಂದ ಪ್ರತಿ ಮಳೆಯ ನಂತರವೂ ಇದನ್ನು ಮಾಡಬೇಕು. ಧೂಳೆಬ್ಬಿಸುವ ಗಾಳಿ ಶುರುವಾದರೆ ತೊಟ್ಟಿಲಿನಿಂದ ಜನರನ್ನು ಇಳಿಸುವುದೊಂದೇ ದಾರಿ.

ಪಿನ್ನು, ಬೋಲ್ಟು

ತೊಟ್ಟಿಲು ನೇತಾಡುವ ಪ್ರತಿ ದಪ್ಪ ಪಿನ್ನಿನ ತುದಿಯಲ್ಲಿ ಒಂದು ಸ್ಪ್ಲಿಟ್ ಪಿನ್ ಇರಬೇಕು, ಅದರ ಎರಡೂ ಕಾಲು ಹಿಂದಕ್ಕೆ ಮಡಚಿರಬೇಕು. ಒಮ್ಮೆ ಮಡಚಿ ಬಿಡಿಸಿದ ಸ್ಪ್ಲಿಟ್ ಪಿನ್ ಮತ್ತೆ ಹಾಕುವಂಥದ್ದಲ್ಲ, ಬಗ್ಗಿದ ಜಾಗದಲ್ಲೇ ಅದು ಮುರಿಯುತ್ತದೆ. ಇದರ ಬೆಲೆ ಕೆಲವೇ ರೂಪಾಯಿ. ಇದರ ಬದಲು ಮೊಳೆ, ವೆಲ್ಡಿಂಗ್ ರಾಡಿನ ತುಂಡು ಅಥವಾ ಬೈಂಡಿಂಗ್ ವೈರ್ ಕಂಡರೆ ಆ ಆಟ ಹತ್ತಬೇಡಿ. ಮೊಳೆಗೆ ಕಾಲು ಒಂದೇ, ಕಂಪನಕ್ಕೆ ಮೆಲ್ಲಗೆ ಜಾರುತ್ತದೆ. ಅದು ಬಿದ್ದ ಮೇಲೆ ದಪ್ಪ ಪಿನ್ನನ್ನು ಹಿಡಿಯುವುದು ಏನೂ ಉಳಿಯುವುದಿಲ್ಲ. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿದರೆ ಕೆಳಗೆ ಬಂದ ತೊಟ್ಟಿಲಿನ ಪಿನ್ ಚೆನ್ನಾಗಿ ಕಾಣುತ್ತದೆ. ಒಂದೊಂದೇ ತೊಟ್ಟಿಲು ಕೆಳಗೆ ಬಂದಾಗ ಅದರ ನಂಬರ್ ಸಮೇತ ಫೋಟೊ ತೆಗೆಯಿರಿ.

ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂಬ ಅಂಕಿ ಇದ್ದರೆ ಅದು ಭಾರ ಹೊರುವ ಗಟ್ಟಿ ಬೋಲ್ಟು. ಅಕ್ಕಪಕ್ಕ ಎಲ್ಲದರ ಮೇಲೂ ಅಂಕಿ ಇದ್ದು ನಡುವೆ ಒಂದು ಬೋಳಾಗಿದ್ದರೆ ಕಳೆದುಹೋದದ್ದರ ಜಾಗಕ್ಕೆ ಹಾರ್ಡ್‌ವೇರ್ ಅಂಗಡಿಯ ಸಾದಾ ಬೋಲ್ಟು ಬಂದಿದೆ ಎಂದೇ ತಿಳಿಯಬೇಕು. ನಟ್ಟಿನಾಚೆ ಬೋಲ್ಟಿನ ಮರೆ (ತಿರುಪಿನ ಗೆರೆ) ಕನಿಷ್ಠ ಎರಡು ಸುತ್ತು ಹೊರಗೆ ಕಾಣಬೇಕು. ಬಿಗಿ ಮಾಡಿದ ಕೂಡಲೇ ನಟ್ಟಿನಿಂದ ಪ್ಲೇಟಿನವರೆಗೆ ಪೇಂಟಿನಲ್ಲಿ ಒಂದು ಗೆರೆ ಎಳೆದರೆ, ನಟ್ ಸಡಿಲವಾದ ದಿನ ಗೆರೆ ಮುರಿದು ಕಾಣುತ್ತದೆ. ಒಂದು ಡಬ್ಬಿ ಹಳದಿ ಪೇಂಟಿನಲ್ಲಿ ಇಡೀ ಆಟಕ್ಕೆ ಇದನ್ನು ಮಾಡಬಹುದು. ಆದರೂ ಮಾಡದಿರುವುದು ಬರೀ ಉದಾಸೀನ.

ಬೋಲ್ಟಿನ ಸುತ್ತ ಕೆಂಪು ಪುಡಿ ಕಂಡರೆ ಎರಡು ಕಬ್ಬಿಣಗಳು ಒಂದನ್ನೊಂದು ಉಜ್ಜುತ್ತಿವೆ, ಜೋಡಣೆ ಒಳಗೇ ಅಲುಗಾಡುತ್ತಿದೆ ಎಂದರ್ಥ. ಬಳ್ಳಾರಿ, ಸಂಡೂರು ಕಡೆ ಅದಿರಿನ ಧೂಳೂ ಕೆಂಪಗಿರುವುದರಿಂದ ಗೊಂದಲವಾಗುತ್ತದೆ. ಆಟದವರಿಂದ ಬಟ್ಟೆಯಲ್ಲಿ ಒರೆಸಿಸಿ, ಮರುದಿನ ನೋಡಿ. ಧೂಳಾದರೆ ಎಲ್ಲ ಕಡೆ ಸಮನಾಗಿ ಕೂತಿರುತ್ತದೆ. ಉಜ್ಜಾಟವಾದರೆ ಬೋಲ್ಟಿನ ಅಂಚಿನಿಂದಲೇ ಗೆರೆ ಗೆರೆಯಾಗಿ ಹೊರಟಿರುತ್ತದೆ.

ವೆಲ್ಡಿಂಗ್ ಮತ್ತು ಒಳಗಿನ ತುಕ್ಕು

ಜಾತ್ರೆಗೆ ಮುಂಚೆ ಹಚ್ಚಿದ ಹೊಸ ಬಣ್ಣ ನೋಡಿ ಸಮಾಧಾನ ಪಡಬೇಡಿ. ತುಕ್ಕು ಕೆರೆಯದೆ ಹಚ್ಚಿದ ಬಣ್ಣ ತುಕ್ಕನ್ನು ತಡೆಯುವುದಿಲ್ಲ, ಮುಚ್ಚುತ್ತದೆ ಅಷ್ಟೆ. ಬಿರುಕು ಸಾಮಾನ್ಯವಾಗಿ ವೆಲ್ಡಿಂಗಿನ ನಡುವೆ ಅಲ್ಲ, ವೆಲ್ಡಿಂಗ್ ಮುಗಿದು ಪ್ಲೇಟು ಶುರುವಾಗುವ ಅಂಚಿನಲ್ಲಿ ಹುಟ್ಟುತ್ತದೆ. ಬಣ್ಣದ ಮೇಲೆ ಕೂದಲಿನಷ್ಟು ಸಣ್ಣ ಕಂದು ಗೆರೆ, ಅದರಿಂದ ಕೆಳಗೆ ಇಳಿದ ಕಲೆ ಇದ್ದರೆ ಅನುಮಾನಪಡಿ. ಇಡೀ ಆಟಕ್ಕೆ ಹಳೆ ಬಣ್ಣವಿದ್ದು ಒಂದೇ ಜೋಡಣೆಗೆ ಹೊಸ ಬಣ್ಣವಿದ್ದರೂ ಅಷ್ಟೆ.

ಅನುಮಾನ ಪರಿಹರಿಸಲು ಡೈ ಪೆನೆಟ್ರೆಂಟ್ ಪರೀಕ್ಷೆ ಸಾಕು. ಕ್ಲೀನರ್, ಕೆಂಪು ಡೈ, ಬಿಳಿ ಡೆವಲಪರ್ ಎಂದು ಮೂರು ಸ್ಪ್ರೇ ಡಬ್ಬಿ ಬರುತ್ತವೆ. ಬಣ್ಣವನ್ನು ಬರಿ ಲೋಹ ಕಾಣುವ ತನಕ ಕೆರೆದು, ಕ್ಲೀನರಿನಿಂದ ಒರೆಸಿ, ಕೆಂಪು ಡೈ ಹೊಡೆದು 10ರಿಂದ 15 ನಿಮಿಷ ಬಿಡಬೇಕು. ಆಮೇಲೆ ಕ್ಲೀನರಿನಲ್ಲಿ ತುಸು ನೆನೆಸಿದ ಬಟ್ಟೆಯಿಂದ ಒರೆಸಬೇಕು. ಕ್ಲೀನರನ್ನು ನೇರ ಲೋಹದ ಮೇಲೆ ಹೊಡೆದರೆ ಬಿರುಕಿನೊಳಗಿನ ಡೈಯೂ ತೊಳೆದುಹೋಗಿ ಇಲ್ಲದ ಸಮಾಧಾನ ಸಿಗುತ್ತದೆ. ಕೊನೆಗೆ ತೆಳ್ಳಗೆ ಡೆವಲಪರ್ ಹೊಡೆದು 10 ನಿಮಿಷ ಕಾಯಿರಿ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ನಮ್ಮ ಬಿಸಿಲಿಗೆ ಕಬ್ಬಿಣ ಕೈ ಸುಡುವಷ್ಟು ಕಾಯುತ್ತದೆ, ಡೈ ಒಳಗಿಳಿಯುವ ಮೊದಲೇ ಒಣಗುತ್ತದೆ. ಆದ್ದರಿಂದ ಬೆಳಗಿನ ಜಾವವೇ ಈ ಕೆಲಸ ಮಾಡಿಸಬೇಕು. ಇದನ್ನು ಬಲ್ಲವರನ್ನು ದೂರ ಹುಡುಕಬೇಕಿಲ್ಲ: ಗಿಣಿಗೇರಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗಳಲ್ಲಿ, ಕುಡತಿನಿ, ಶಕ್ತಿನಗರದ ವಿದ್ಯುತ್ ಸ್ಥಾವರಗಳಲ್ಲಿ ವೆಲ್ಡಿಂಗ್ ಪರೀಕ್ಷೆ ದಿನನಿತ್ಯದ ಕೆಲಸ.

ಬಿರುಕು ಸಿಕ್ಕರೆ ಅದರ ಮೇಲೆ ಇನ್ನೊಂದು ಸಾಲು ವೆಲ್ಡಿಂಗ್ ಬಿಟ್ಟರೆ ಆಗದು. ಬಿರುಕು ಕೆಳಗೆ ಹಾಗೇ ಇರುತ್ತದೆ, ಮತ್ತೆ ಮೇಲೆ ಬರುತ್ತದೆ. ಅದರ ತುದಿಯಲ್ಲಿ ಡ್ರಿಲ್ ಹೊಡೆದು, ಬೇರು ಸಮೇತ ಗ್ರೈಂಡ್ ಮಾಡಿ ತೆಗೆದು, ವೆಲ್ಡ್ ಮಾಡಿ, ಮತ್ತೆ ಡೈ ಪರೀಕ್ಷೆ ಮಾಡಬೇಕು. ಜನ ಕೂರುವ ತೋಳು, ಕೊಲಂಬಸ್ಸಿನ ದೋಣಿ ನೇತುಹಾಕಿದ ಕಂಬದಂಥ ಭಾಗಗಳಲ್ಲಿ ಬಿರುಕಿದ್ದರೆ ಮೈದಾನದಲ್ಲಿ ರಿಪೇರಿ ಬೇಡವೇ ಬೇಡ, ಆ ಆಟ ಈ ಜಾತ್ರೆಗೆ ಬಂದ್.

ಪೈಪು, ಪೆಟ್ಟಿಗೆಯಾಕಾರದ ತೋಳುಗಳಲ್ಲಿ ತುಕ್ಕು ಒಳಗಿನಿಂದ ತಿನ್ನುತ್ತದೆ. ಅಮೆರಿಕದ ಒಹಾಯೊ ರಾಜ್ಯದ ಮೇಳದಲ್ಲಿ 2017ರ ಜುಲೈ 26ರಂದು ‘ಫೈರ್ ಬಾಲ್’ ಎಂಬ ತೂಗಾಡುವ ಆಟದ ಆಸನಗಳ ಸಾಲೇ ಕಿತ್ತು ಹಾರಿ 18 ವರ್ಷದ ಯುವಕ ಸತ್ತ. ತೋಳಿನ ಒಳಗೆ ವರ್ಷಗಟ್ಟಲೆ ನಡೆದ ತುಕ್ಕು ಲೋಹದ ದಪ್ಪವನ್ನು ಅಪಾಯದ ಮಟ್ಟಕ್ಕೆ ಇಳಿಸಿತ್ತು ಎಂದು ತಯಾರಿಸಿದ ಕಂಪನಿಯೇ ಆಮೇಲೆ ಹೇಳಿತು. ಅದೂ ಊರೂರಿಗೆ ಒಯ್ಯುವ ಆಟವೇ. ಒಳತುಕ್ಕು ಹಿಡಿಯಲು ಅಲ್ಟ್ರಾಸೋನಿಕ್ ದಪ್ಪಮಾಪಕ ಬೇಕು. ಅದಿಲ್ಲದಿದ್ದರೆ ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತ ಹೋದಾಗ ಠಣ್ ಎನ್ನುತ್ತಿದ್ದ ಸದ್ದು ಎಲ್ಲಿ ದಬ್ ಎನ್ನುತ್ತದೋ ಅಲ್ಲಿ ಗುರುತು ಹಾಕಿಕೊಳ್ಳಬೇಕು. ಇದು ಅಳತೆಗೆ ಸಮವಲ್ಲ, ಎಲ್ಲಿ ಅಳೆಯಬೇಕೆಂದು ತೋರಿಸುತ್ತದೆ. ಪೈಪಿನ ಕೆಳತುದಿಯ ನೀರಿಳಿಯುವ ತೂತು ಬಣ್ಣದಿಂದ ಮುಚ್ಚಿದ್ದರೆ ತಂತಿಯಿಂದ ಚುಚ್ಚಿ ನೋಡಿ. ತುಕ್ಕುನೀರು ಸುರಿದರೆ ಒಳಗೆ ಏನಾಗಿದೆಯೆಂದು ಊಹಿಸಬಹುದು.

ಸದ್ದು ಕೇಳುವುದು

ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ‘ಟಕ್’ ಎಂದರೆ ಒಂದು ತೊಟ್ಟಿಲಿನ ಪಿನ್ನಿನ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿದೆ. ಎಡೆಬಿಡದೆ ಕರಕರ ಎಂದರೆ ನಡುವಿನ ಬೇರಿಂಗಿಗೆ ಗ್ರೀಸ್ ಇಲ್ಲ, ಇಲ್ಲವೇ ಗ್ರೀಸಿಗೆ ಧೂಳು ಸೇರಿ ಅದೇ ಕಬ್ಬಿಣ ಉಜ್ಜುವ ಅರವಾಗಿ ಕೆಲಸ ಮಾಡುತ್ತಿದೆ. ಗ್ರೀಸ್ ಗನ್ನಿನಿಂದ ಎರಡು ಸಲ ಒತ್ತಿ ಬಿಡುವುದಲ್ಲ. ಕಪ್ಪು ಗ್ರೀಸ್ ಹೊರಬಿದ್ದು ಹಿಂದೆಯೇ ಹೊಸ ಗ್ರೀಸ್ ಕಾಣುವವರೆಗೆ ಒತ್ತಬೇಕು. ಆಟ ನಿಂತ ಕೂಡಲೇ ಬೇರಿಂಗಿನ ಮನೆಯನ್ನು ಮುಟ್ಟಿದರೆ ಕೈ ಇಟ್ಟಿರಲು ಆಗದಷ್ಟು ಬಿಸಿಯಿದ್ದರೆ ಬಿಚ್ಚಿಯೇ ನೋಡಬೇಕು.

ತಂತಿ ಹಗ್ಗಗಳ ಮೇಲೆ ಕಾಟನ್ ಬಟ್ಟೆ ಎಳೆದರೆ ಮುರಿದ ಎಳೆ ಬಟ್ಟೆಯನ್ನು ಹಿಡಿಯುತ್ತದೆ. ಹಗ್ಗದ ಒಂದು ಪುರಿ (ಹಲವು ಎಳೆ ಹೊಸೆದದ್ದು) ಪೂರ್ತಿ ಒಂದು ಸುತ್ತು ಬರುವಷ್ಟು ಉದ್ದದಲ್ಲಿ ಒಟ್ಟು 6 ಎಳೆ, ಅಥವಾ ಒಂದೇ ಪುರಿಯಲ್ಲಿ 3 ಎಳೆ ಮುರಿದಿದ್ದರೆ ಹಗ್ಗ ಬದಲಿಸಬೇಕು. ಹಗ್ಗದ ತುದಿಯನ್ನು ಮಡಚಿ ಬಿಗಿಯುವ ಕ್ಲಾಂಪ್ ಹಾಕುವುದರಲ್ಲಿ ತಪ್ಪುವವರು ಬಹಳ. ಭಾರ ಎಳೆಯುವ ಉದ್ದ ಹಗ್ಗದ ಮೇಲೆ ಕ್ಲಾಂಪಿನ ಕೂರುವ ಭಾಗ, ಮಡಚಿ ಬಂದ ತುಂಡು ತುದಿಯ ಮೇಲೆ ಯು ಬೋಲ್ಟು ಇರಬೇಕು. ತಿರುಗುಮುರುಗಾದರೆ ಯು ಬೋಲ್ಟು ಭಾರದ ಹಗ್ಗವನ್ನೇ ಜಜ್ಜುತ್ತದೆ. 12 ಮಿ.ಮೀ. ಹಗ್ಗಕ್ಕೆ ಕನಿಷ್ಠ 3 ಕ್ಲಾಂಪ್ ಬೇಕು.

ಆಸನ, ಭಾರ, ಕರೆಂಟು

ಹತ್ತಿ ಕೂತ ಮೇಲೆ ಕೊಂಡಿ ಹಾಕಿಸಿಕೊಂಡು, ಅಡ್ಡ ರಾಡನ್ನು ಎರಡೂ ಕೈಯಿಂದ ಮೇಲಕ್ಕೆ ಎತ್ತಿ ನೋಡಿ. ಎದ್ದು ಬಂದರೆ ಇಳಿದುಬಿಡಿ. ಕೊಂಡಿ ಕೆಟ್ಟ ಆಸನಕ್ಕೆ ಹಗ್ಗ ಕಟ್ಟಿ ಖಾಲಿ ಬಿಡಬೇಕೇ ಹೊರತು, ಹಗ್ಗದಿಂದ ಮಂದಿಯನ್ನು ಕಟ್ಟಿ ಕೂರಿಸಬಾರದು. ಹನ್ನೆರಡು ತೊಟ್ಟಿಲಿನ ಚಕ್ರಕ್ಕೆ ಜನ ತುಂಬುವಾಗ ಒಂದನೆಯದು, ಎದುರಿನ ಏಳನೆಯದು, ಆಮೇಲೆ ನಾಲ್ಕು, ಹತ್ತು ಹೀಗೆ ಹೋಗಬೇಕು. ಸಾಲಾಗಿ ಒಂದೇ ಬದಿ ತುಂಬಿದರೆ ಬ್ರೇಕು ಜಾರುತ್ತದೆ, ಚಕ್ರ ತಾನಾಗಿ ಉರುಳುತ್ತದೆ.

ವೈರಿನ ಜೋಡಣೆಗಳು ನೆಲದ ಮೇಲೆ ಬರಿ ಟೇಪಿನಲ್ಲಿ ಇರಬಾರದು. ಬೋರ್ಡಿನಲ್ಲಿ ಕರೆಂಟು ಸೋರಿದರೆ ತಾನಾಗಿ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಇರಬೇಕು, ಅದರ ಟೆಸ್ಟ್ ಬಟನ್ ಒತ್ತಿದರೆ ಕೂಡಲೇ ಟ್ರಿಪ್ ಆಗಬೇಕು. ಒಣಗಿ ಬಿರಿದ ನೆಲದಲ್ಲಿ ಅರ್ಥಿಂಗ್ ರಾಡು ಮಣ್ಣಿಗೆ ಹತ್ತಿಕೊಂಡಿರುವುದಿಲ್ಲ. ಗುಂಡಿಗೆ ನೀರು ಹೊಯ್ದು, ಅರ್ಥ್ ಟೆಸ್ಟರಿನಿಂದ ಅಳೆಸಬೇಕು.

ಜಾತ್ರಾ ಸಮಿತಿಯ ಕೈಯಲ್ಲಿರುವುದು

ಆಟದವರ ಮೇಲೆ ಒತ್ತಡ ಹಾಕಲು ಸರಿಯಾದ ಸಮಯ ಜಾಗದ ಹರಾಜು. ಜಾತ್ರೆ ಶುರುವಾದ ಮೇಲೆ ಹೇಳಿದ್ದು ಗದ್ದಲದಲ್ಲಿ ಕಳೆದುಹೋಗುತ್ತದೆ. ಹರಾಜಿನ ಷರತ್ತಿನಲ್ಲೇ ಬರೆಸಿ: ಮೆಕ್ಯಾನಿಕಲ್ ಎಂಜಿನಿಯರ್ ಸ್ಥಳಕ್ಕೆ ಬಂದು, ಆಟ ಕಟ್ಟಿದ ಮೇಲೆ ನೋಡಿ ಸಹಿ ಮಾಡಿದ ಪ್ರಮಾಣಪತ್ರ, ವಿದ್ಯುತ್ ಪರಿವೀಕ್ಷಣೆಯ ಪತ್ರ, ವಿಮೆ, ದಿನದ ದಾಖಲೆ ಪುಸ್ತಕ. ಕಟ್ಟುವ ಮುಂಚೆಯೇ ಕೊಟ್ಟ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ, ಯಾಕೆಂದರೆ ತಪ್ಪಾಗುವುದು ಕಟ್ಟುವಾಗ. ಎಂಜಿನಿಯರ್ ಏನು ನೋಡಬೇಕೆಂಬುದಕ್ಕೆ ಐಎಸ್‌ಒ 17842 ಎಂಬ ಮೂರು ಭಾಗದ ಮಾನಕವಿದೆ. ಒಂದು ವಿನ್ಯಾಸ ಮತ್ತು ತಯಾರಿಕೆಗೆ, ಎರಡು ಬಳಕೆಗೆ, ಮೂರು ತಪಾಸಣೆಗೆ. ಊರಿಂದೂರಿಗೆ ಒಯ್ಯುವ ಆಟಗಳೂ ಅದರಲ್ಲಿ ಸೇರಿವೆ.

ಮೊದಲ ಟಿಕೆಟ್ ಹರಿಯುವ ಮುಂಚೆ ಮರಳಿನ ಚೀಲದ ಪರೀಕ್ಷೆ ಮಾಡಿಸಿ. ಒಬ್ಬರಿಗೆ 75 ಕೆಜಿ ಲೆಕ್ಕ. ಚೀಲಗಳನ್ನು ತೂಕದ ಯಂತ್ರದ ಮೇಲಿಟ್ಟೇ ತುಂಬಬೇಕು, ಅಂದಾಜು ಬೇಡ. ಎಲ್ಲ ಆಸನ ತುಂಬಿ ಹತ್ತು ಸುತ್ತು, ಆಮೇಲೆ ಅರ್ಧ ಬದಿ ಮಾತ್ರ ತುಂಬಿ ಬ್ರೇಕು ಹಿಡಿಯುತ್ತದೆಯೇ ಎಂದು ನಿಲ್ಲಿಸಿ ನೋಡುವುದು. ಕಾಲುಗಳು ಕುಸಿದಿವೆಯೇ ಎಂದು ಮತ್ತೆ ಓಳಂಬ. ಪ್ರತಿ ಬೆಳಿಗ್ಗೆ ಖಾಲಿ ಆಟವನ್ನು ಮೂರು ಸಲವಾದರೂ ತಿರುಗಿಸಿ ಸದ್ದು ಕೇಳಬೇಕು, ದಾಖಲೆಗೆ ಸಹಿ ಬೀಳಬೇಕು.

ದೂರು ಬರೆಯುವವರು ಆಟದ ಹೆಸರು, ತೊಟ್ಟಿಲಿನ ನಂಬರ್, ದೋಷ, ದಿನ, ಹೊತ್ತು, ಫೋಟೊ ಇಷ್ಟನ್ನು ಒಂದೇ ಹಾಳೆಯಲ್ಲಿ ಹಾಕಿ ಸಮಿತಿಗೆ, ನಗರಸಭೆ ಅಥವಾ ಪಂಚಾಯಿತಿಗೆ, ಪೊಲೀಸ್ ಠಾಣೆಗೆ ಕೊಟ್ಟು ಮೂರೂ ಕಡೆ ಸ್ವೀಕೃತಿ ಪಡೆಯಬೇಕು. ಕಣ್ಣೆದುರೇ ಅಪಾಯವಿದ್ದರೆ ಕಾಗದಕ್ಕೆ ಕಾಯದೆ 112ಕ್ಕೆ ಕರೆ ಮಾಡಿ. ಪ್ರಮಾಣಪತ್ರ ತೋರಿಸದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದದೊಳಗಿರಬೇಕು. ಉತ್ತರಕ್ಕೆ 30 ದಿನ ಬೇಕಾಗುವುದರಿಂದ ಜಾತ್ರೆ ಮುಗಿದ ವಾರದಲ್ಲೇ ಹಾಕಿದರೆ ಮುಂದಿನ ಹರಾಜಿಗೆ ಉತ್ತರ ಕೈಯಲ್ಲಿರುತ್ತದೆ.

ಒಂದು ದಿನ ಮಾತ್ರ ತಪ್ಪಿಸಿಕೊಳ್ಳಬೇಡಿ: ಆಟ ಬಿಚ್ಚುವ ದಿನ. ಜನವಿಲ್ಲ, ಗದ್ದಲವಿಲ್ಲ, ಎಲ್ಲ ಪಿನ್ನುಗಳೂ ತೋಳುಗಳೂ ನೆಲದ ಮೇಲೆ ಬಿದ್ದಿರುತ್ತವೆ. ಆಟದವರಿಗೆ ಹೇಳಿ ಒಪ್ಪಿಸಿ, ಒಂದು ವರ್ನಿಯರ್ ಕ್ಯಾಲಿಪರ್ ಹಿಡಿದು ಹೋಗಿ. ಪಿನ್ನಿನ ನಡುವೆ, ತುದಿಯಲ್ಲಿ ಎರಡು ಅಳತೆ; ತೂತಿಗೆ ಉದ್ದುದ್ದ, ಅಡ್ಡಡ್ಡ ಎರಡು ಅಳತೆ. ಅಳತೆಗಳು ಹೊಂದದ ಪಿನ್ನುಗಳನ್ನು ಬೇರೆ ಇಟ್ಟು, ಕೆಂಪು ಬಣ್ಣ ಹಚ್ಚಿ, ಪಟ್ಟಿಯ ಒಂದು ಪ್ರತಿ ಆಟದವರಿಗೆ, ಒಂದು ಪ್ರತಿ ಸಮಿತಿಗೆ ಕೊಡಿ. ಮುಂದಿನ ಪುಷ್ಯದಲ್ಲಿ ಅದೇ ಪಟ್ಟಿ ಹಿಡಿದು ಅದೇ ತೊಟ್ಟಿಲಿನ ಕೆಳಗೆ ನಿಂತು ನೋಡಿದರೆ ಕೆಂಪು ಹಚ್ಚಿದ ಪಿನ್ನು ಬದಲಾಗಿದೆಯೋ ಇಲ್ಲವೋ ತಿಳಿಯುತ್ತದೆ.